ಅಲ್ಲಾಡುವ ಏಣಿ

“ನೋಡಿ ಅಮ್ಮ, ಎರಡೂ ಕೈ ಬಿಟ್ಟಿದೀನಿ. ಅಲ್ಲಾಡ್ತಿದ್ಯಾ?” ಏಣಿ ಮಾರುವ ಹುಡುಗಿ ಹೊಲಿಗೆಯಂಗಡಿಯ ನಟ್ಟನಡುವೆ, ತಾರಸಿಗೆ ತಲೆ ತಾಗುವಷ್ಟು ಎತ್ತರದಲ್ಲಿ ನಿಂತು ಕೇಳಿದಳು. ಹೊಸ ಅಲ್ಯೂಮಿನಿಯಂ ಏಣಿ ಅವಳ ಕಾಲಡಿ ಬಂಡೆಯ ಹಾಗಿತ್ತು.

ಟೈಲರಮ್ಮ ಕತ್ತೆತ್ತಿ ನೋಡಿದಳು. ಬೆಳಗ್ಗೆಯಷ್ಟೇ ಮಿಷಿನ್ನಿನ ಮೇಲಿನ ಬಲ್ಬು ಹೋಗಿತ್ತು. ಸೂಜಿಗೆ ದಾರ ಪೋಣಿಸಲೂ ಬಾಗಿಲಿಗೆ ಓಡಬೇಕು. ಹೇಳಿಕಳಿಸಿದ ಹಾಗೆ ಬಂದಿದ್ದಳು ಹುಡುಗಿ.

“ಬೀದಿಗೆಲ್ಲ ಒಂದೇ ಏಣಿಯಂತೆ! ಮನೆಗೊಂದಿದ್ರೆ ಯಾರ ಹಂಗೂ ಇಲ್ಲ. ಆ ಮುದಿ ಏಣೀನ ಒಬ್ರು ಹಿಡ್ಕೋಬೇಕಂತಲ್ಲ, ಇದಕ್ಕೆ ಯಾರೂ ಬೇಡ.”

“ಯಾರೂ?”

“ಒಂದು ನರಪಿಳ್ಳೆಯೂ ಬೇಡ.”

ಬೀದಿಯ ಏಣಿ ಮರದ್ದು, ಒಂದು ಕಾಲು ಗಿಡ್ಡ. ಹಾಗಾಗಿ ಅದಕ್ಕೊಂದು ಕಟ್ಟಳೆಯಿತ್ತು: ಯಾರು ಹತ್ತಿದರೂ ಅವರ ಎದುರುಮನೆಯವರೇ ಏಣಿ ಹೊತ್ತು ತಂದು ಹಿಡಿದು ನಿಲ್ಲಬೇಕು. ಟೈಲರಮ್ಮನ ಎದುರುಮನೆಯಲ್ಲಿದ್ದವಳು ಅವಳ ಒಡಹುಟ್ಟಿದ ತಂಗಿ. ಮೂರು ವರ್ಷದ ಹಿಂದೆ, ಅಕ್ಕ ಹೊಲಿದ ಕೋಟು ಬಿಗಿಯಾಯಿತೆಂದು ತಂಗಿ ಮೂಗು ಮುರಿದಿದ್ದಳು. “ಅಳತೆ ಸರಿಯಾಗೇ ಇದೆ, ಊದಿರೋಳು ನೀನು” ಎಂದಿದ್ದಳು ಅಕ್ಕ. ಅಂದಿನಿಂದ ಮಾತಿಲ್ಲ, ಕತೆಯಿಲ್ಲ. ಬಲ್ಬು ಕೆಟ್ಟಾಗ ಮಾತ್ರ ಮೇಲಿನಿಂದ “ಗಟ್ಟಿಯಾಗಿ ಹಿಡಿ”, ಕೆಳಗಿನಿಂದ “ಹಿಡಿದಿದೀನಿ.” ಅಷ್ಟೇ.

“ಇಲ್ಲೊಂದು ಸಹಿ ಹಾಕಿ ಅಮ್ಮ. ಬೆಳಗ್ಗೆಯಿಂದ ಒಂದೂ ಹೋಗಿಲ್ಲ.” ಹುಡುಗಿ ಇಳಿದು ಆರ್ಡರ್ ಚೀಟಿ ಚಾಚಿದಳು. ಅವಳ ಚಪ್ಪಲಿಯೆಲ್ಲ ಧೂಳು. ಟೈಲರಮ್ಮ ಅದನ್ನು ನೋಡಿದಳು. ಪೆನ್ನು ತೆಗೆದುಕೊಂಡಳು.

ಆಗಲೇ ಬಾಗಿಲಿಗೆ ಮರ ಬಡಿದ ಸದ್ದಾಯಿತು. ತಂಗಿ! ಹೆಗಲ ಮೇಲೆ ಏಣಿ. ಯಾರೂ ಕರೆದಿರಲಿಲ್ಲ, ಎದುರಿನ ಕಿಟಕಿ ಕತ್ತಲಾಗಿರುವುದನ್ನು ಕಂಡು ತಾನಾಗಿ ಬಂದಿದ್ದಳು. ಥಳಥಳಿಸುವ ಹೊಸ ಏಣಿ ನೋಡಿ ಹೊಸಿಲಲ್ಲೇ ನಿಂತು, ಹುಡುಗಿಯ ಕಡೆ ತಿರುಗಿದಳು. “ನಾನು ತಂದಿದ್ದು ಬೇಡ ಅಂದ್ರೆ ವಾಪಸ್ ತಗೊಂಡು ಹೋಗ್ತೀನಿ ಅಂತ ಹೇಳಮ್ಮ ಅವರಿಗೆ.”

ಟೈಲರಮ್ಮ ಪೆನ್ನಿನ ತುದಿ ನೋಡಿದಳು. “ನಿನ್ನ ಏಣಿ ಒಂಚೂರೂ ಅಲ್ಲಾಡಲ್ವಾ?”

“ಆಣೆ ಮಾಡಿ ಹೇಳ್ತೀನಿ, ಅಲ್ಲಾಡಲ್ಲ!”

“ಹಾಗಾದ್ರೆ ನನಗೆ ಬೇಡ ಕಣೆ ಮಗಳೇ. ಬಾ, ನೀನೂ ಆ ಕಡೆಯಿಂದ ಹಿಡ್ಕೊ.”

ಟೈಲರಮ್ಮ ಹತ್ತುತ್ತಲೇ ಹಳೆಯ ಏಣಿ ಎಂದಿನಂತೆ ನಡುಗಿತು.

“ಗಟ್ಟಿಯಾಗಿ ಹಿಡಿ.”

“ಹಿಡಿದಿದೀನಿ.”

ಮೇಲಿನಿಂದ ಈಗ ಕಂಡಿತು: ತಂಗಿ ಅದೇ ಕೋಟು ತೊಟ್ಟಿದ್ದಳು, ಗುಂಡಿ ಹಾಕದೆ.

“ಆಯ್ತಾ?” ತಂಗಿ ಕೇಳಿದಳು. ಮೂರು ವರ್ಷದಲ್ಲಿ ಅದೊಂದು ಹೊಸ ಮಾತು.

“ಇನ್ನೂ ಇಲ್ಲ, ಹಿಡಿದಿರು” ಎಂದಳು ಟೈಲರಮ್ಮ, ಬಲ್ಬು ತಿರುಗಿಸುತ್ತ.

ಬಲ್ಬು ಆಗಲೇ ಉರಿಯುತ್ತಿತ್ತು. ಮೂವರಿಗೂ ಕಾಣುತ್ತಿತ್ತು.