ಸ್ಪೀಕರ್ ಮೇಲಿನ ನಾಲ್ಕು ಬೆರಳು

ನಾನು ಬೇರೆಯವರು ಬರೆದದ್ದನ್ನು ಫಾರ್ವರ್ಡ್ ಮಾಡುವವನೇ ಹೊರತು ಬರೆಯುವವನಲ್ಲ. ಆದರೆ ಇದನ್ನು ಹೇಳದಿದ್ದರೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ...

ನನ್ನ ಹೆಸರು ನಾಗೋಜಿರಾವ್. ದಾವಣಗೆರೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಸ್ಪೀಕರ್ ರಿಪೇರಿ ಮಾಡುತ್ತಿದ್ದೇನೆ.

ಮೊನ್ನೆ ಬಟ್ಟೆ ವ್ಯಾಪಾರಿ ಮರುಳಸಿದ್ದಪ್ಪನವರ ಫೋನ್ ಬಂತು. "ಸೊಂಟದೆತ್ತರದ ಸ್ಪೀಕರ್ ರೀ, ಹೊತ್ಕೊಂಡು ಬರೋಕಾಗಲ್ಲ. ನೀವೇ ಮನೆ ಕಡೆ ಬರ್ರಿ."

ಹೋದೆ. ಬಾಗಿಲು ತೆಗೆದೇ ಇತ್ತು. ಎದುರು ಬಂದವರು ಅವರ ಹೆಂಡತಿ ಸರ್ವಮಂಗಳಮ್ಮ. "ಬಿಸಿಲಾಗೆ ಬಂದೀರಿ, ಕೂತ್ಕೊಳ್ರಿ, ನೀರು ತರ್ತೀನಿ" ಎಂದು ನನ್ನ ಮುಖ ನೋಡಿ ಚೆನ್ನಾಗಿಯೇ ಮಾತಾಡಿಸಿದರು.

ಅವರು ಅಡುಗೆಮನೆ ಕಡೆ ಹೊರಟಾಗ ಹಾಲ್‌ನಲ್ಲಿ ಕೂತಿದ್ದ ಸಾಹುಕಾರರು ಪೇಪರಿನಿಂದ ತಲೆ ಎತ್ತದೆ ಕೂಗಿದರು. "ಏಯ್, ಹಂಗೇ ಎರಡು ಟೀ ಮಾಡು!"

ಆ ತಾಯಿ ತಿರುಗಲೇ ಇಲ್ಲ...

"ನೋಡಿದ್ರಾ? ಊರೋರ ಜೊತೆಗೆಲ್ಲ ಮಾತು. ನಾನು ಕರೆದ್ರೆ ಮಾತ್ರ ಕಲ್ಲು."

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಬ್ಯಾಂಕಿನಲ್ಲಿ ಟೋಕನ್ ನಂಬರ್ ಕೂಗಿದ ಹಾಗೆ ಹೇಳಿದರು.

"ವರ್ಷ ಆತು ರಾವ್ ಅವ್ರೆ. ಮೊದಲು ಜಗಳ ಆಡ್ತಿದ್ದೆ, ಆಮೇಲೆ ಮಾತು ಬಿಟ್ಟೆ. ಈಗ ಏನೂ ಅನ್ಸಲ್ಲ... ಭಾನುವಾರ ಹರಿಹರದಿಂದ ಅವಳ ಅಣ್ಣ ಬರ್ತಾನೆ. ಕರ್ಕೊಂಡು ಹೋಗ್ಲಿ ಅಂತ ಹೇಳಿಬಿಟ್ಟೀನಿ."

ಮೂವತ್ತನಾಲ್ಕು ವರ್ಷದ ಸಂಸಾರ! ಹಳೇ ಸೋಫಾ ಸಾಗಿಸುವವರ ಹಾಗೆ ಹೇಳಿದರಲ್ಲ ಮಹಾನುಭಾವರು...

ಆಮೇಲೆ ಸ್ಪೀಕರ್ ತೋರಿಸಿದರು. ಶಬ್ದ ಹೊರಡಿಸುವ ಕಪ್ಪು ಕಾಗದದ ಕೋನ್ ನಡುವೆ ಟೋಪಿಯ ಹಾಗೆ ಉಬ್ಬಿರುತ್ತದಲ್ಲ, ಅದು ಒಳಗೆ ತಗ್ಗಾಗಿತ್ತು. ಅಂಚಿನಲ್ಲಿ ಸಣ್ಣ ಹರಕು.

"ದಿನಾ ಬೆಳಗ್ಗೆ ವಚನ ಹಾಕಿಟ್ಟು ಸ್ನಾನಕ್ಕೆ ಹೋಗ್ತೀನಿ. ಅದನ್ನೂ ಸಹಿಸಲ್ಲ ಅವಳು, ಬೇಕಂತಲೇ ಚುಚ್ಚಿದ್ದಾಳೆ. ನೀವು ನೋಡಿ ಹೇಳ್ರಿ, ಅವಳ ಅಣ್ಣನ ಮುಂದೆ ಹೇಳೋಕೆ ಬೇಕು."

ಥೂ! ನಾನು ರಿಪೇರಿಗೆ ಬಂದವನೋ, ಸಾಕ್ಷಿ ಹೇಳಲು ಬಂದವನೋ?

ಇಂಥ ಪೆಟ್ಟು ದೊಡ್ಡದೇನಲ್ಲ. ಅಂಟುವ ಟೇಪನ್ನು ತಗ್ಗಿಗೆ ಮೆತ್ತಗೆ ಒತ್ತಿ ನಿಧಾನ ಎಳೆದರೆ ಹೊರಗೆ ಬರುತ್ತದೆ. ಹರಕಿಗೆ ತೆಳು ಕಾಗದದ ತೇಪೆ, ಒಣಗಿದರೂ ಬಿರುಸಾಗದ ಅಂಟು. ಅರ್ಧ ಗಂಟೆ ಕೆಲಸ.

ಟೇಪ್ ಕತ್ತರಿಸಿದವನು ಟಾರ್ಚ್ ಹಾಕಿ ನೋಡಿ ಹಾಗೇ ಕುಳಿತುಬಿಟ್ಟೆ...

ಚುಚ್ಚುವವರ ಗುರುತು ನನಗೆ ಗೊತ್ತು. ಒಂದೇ ಬೆರಳು, ಆಳದ ತಗ್ಗು, ಮುಗಿಯಿತು. ಇಲ್ಲಿ ಅಕ್ಕಪಕ್ಕದಲ್ಲಿ ನಾಲ್ಕು ಸಣ್ಣ ತಗ್ಗು. ಅದೂ ನೆಲದ ಮೇಲೆ ಕೂತವರ ಕೈಗೆ ಸಿಗುವ ಕೆಳಗಿನ ಕೋನ್‌ನಲ್ಲಿ ಮಾತ್ರ, ಮೇಲಿನದಕ್ಕೆ ಏನೂ ಆಗಿರಲಿಲ್ಲ. ಕಪ್ಪು ಕಾಗದ ಕೈಯ ಜಿಡ್ಡಿಗೆ ಮಿರಮಿರ ಮಿಂಚುತ್ತಿತ್ತು.

ಇದು ಚುಚ್ಚಿದ ಕೈಯಲ್ಲ, ದಿನಾ ಬಂದು ಇಟ್ಟುಕೊಂಡ ಕೈ.

ನನಗೆ ಕೆಲಸ ಕಲಿಸಿದ ಜಬ್ಬಾರ್ ಸಾಹೇಬರಿಗೆ ಕೊನೆಗಾಲದಲ್ಲಿ ಕಿವಿ ಹೋಗಿತ್ತು. ಹಾಡುತ್ತಿರುವ ಸ್ಪೀಕರ್ ಮೇಲೆ ನಾಲ್ಕು ಬೆರಳಿಟ್ಟು "ಬೇಸ್ ಕಮ್ಮಿ ಐತೆ ಕಣೋ" ಅನ್ನುತ್ತಿದ್ದರು. ಅವರು ಮುಟ್ಟಿದ ಕೋನ್‌ಗಳೂ ಹೀಗೇ ಇರುತ್ತಿದ್ದವು...

ಎದ್ದು ಅಡುಗೆಮನೆ ಬಾಗಿಲಿಗೆ ಹೋದೆ. ಸರ್ವಮಂಗಳಮ್ಮ ಆ ಕಡೆ ತಿರುಗಿ ರೊಟ್ಟಿ ಬಡಿಯುತ್ತಿದ್ದರು. "ಅಮ್ಮಾ, ಚೂರು ಹತ್ತಿ ಬೇಕಿತ್ತು" ಎಂದೆ. ಮೂರು ಸಲ ಎಂದೆ, ಮೂರನೆಯದು ಕೂಗಿಯೇ ಎಂದೆ. ಊಹೂಂ.

ಸುತ್ತಿ ಬಂದು ಎದುರು ನಿಂತು ಮೆಲ್ಲಗೆ ಹೇಳಿದೆ. "ಹತ್ತಿನಾ? ಬತ್ತಿ ಹೊಸೆಯೋದು ಐತೆ, ಕೊಡ್ತೀನಿ ತಡೀರಿ" ಎಂದರು, ನನ್ನ ತುಟಿಯಿಂದ ಕಣ್ಣು ಕೀಳದೆ.

ಹಾಲ್‌ಗೆ ಬಂದು ಕೇಳಿದೆ. "ಸಾಹುಕಾರ್ರೆ, ಅಮ್ಮನವರ ಎದುರಿಗೆ ನಿಂತು ಮಾತಾಡಿ ಎಷ್ಟು ದಿನ ಆತು?"

"ಹೆಂಡ್ತಿ ಎದುರಿಗೆ ಯಾಕ್ರಿ ನಿಲ್ಲಬೇಕು? ಕೂತಲ್ಲಿಂದ 'ಏಯ್' ಅಂದ್ರೆ ಸಾಲದಾ?"

ನಮ್ಮ ಕಡೆ ಗಂಡಸರದ್ದೆಲ್ಲ ಇದೇ ಕಥೆ ಬಿಡಿ, ನನ್ನದೂ ಅದೇ. ಹೆಸರು ಹಿಡಿಯುವುದಿಲ್ಲ, ಹತ್ತಿರ ಹೋಗುವುದಿಲ್ಲ... ಕೂತಲ್ಲಿಂದ ಒಂದು 'ಏಯ್'.

"ಅಮ್ಮನವರಿಗೆ ಕಿವಿ ಕೇಳಲ್ಲ. ಎದುರಿಗೆ ನಿಂತವರ ಬಾಯಿ ನೋಡಿ ಮಾತಾಡ್ತಾರೆ. ವರ್ಷದಿಂದ ನೀವೊಬ್ರೇ ಎದುರಿಗೆ ನಿಂತಿಲ್ಲ" ಎಂದೆ.

ಅವರ ಕೈಯಿಂದ ಪೇಪರ್ ಜಾರಿತು. ಎದ್ದು ಒಳಗೆ ಹೋಗಿ ಹೆಂಡತಿಯ ಎದುರು ನಿಂತರು. ಏನು ಕೇಳಬೇಕೋ ತಿಳಿಯಲಿಲ್ಲ ಅಂತ ಕಾಣುತ್ತದೆ...

"ಊಟ ಮಾಡಿದ್ಯಾ?"

"ಇಲ್ಲ. ನೀವು ಉಂಡ ಮೇಲೆ ತಾನೆ ದಿನಾ ಉಣ್ಣೋದು." ತಟಕ್ಕನೆ ಬಂತು ಉತ್ತರ.

"ಕಿವಿ ಕೇಳಲ್ಲ ಅಂತ ಯಾಕೆ ಹೇಳ್ಲಿಲ್ಲ?"

ಆಕೆ ಹಿಟ್ಟಿನ ಕೈ ನೋಡಿಕೊಂಡರು. "ನಮ್ಮವ್ವನ್ನ ಎಲ್ರೂ ಕಿವುಡಿ ಕಿವುಡಿ ಅಂತ ಆಡ್ಕೊಳ್ತಿದ್ರು... ನೀವೂ ಆಡ್ಕೊಳ್ತೀರಿ ಅಂತ ಹೆದರಿಕೆ. ಆಮೇಲೆ ನೀವು ಮಾತೇ ಬಿಟ್ರಿ. ಬೆಳಗ್ಗೆ ವಚನ ಹಾಕಿ ಸ್ನಾನಕ್ಕೆ ಹೋಗ್ತೀರಲ್ಲ, ಆಗ ಅದರ ಮೇಲೆ ಕೈ ಇಟ್ಕೊಂಡು ಕೂರ್ತಿದ್ದೆ. ಏನು ಹಾಡ್ತಾರೋ ತಿಳಿಯಲ್ಲ... ಮನೇಲಿ ಯಾರೋ ಮಾತಾಡ್ತಾ ಇದಾರೆ ಅನ್ಸೋದು."

ಅಳಲಿಲ್ಲ ಆಕೆ. ಅಳುವುದನ್ನು ಯಾವತ್ತೋ ಮುಗಿಸಿದ್ದರು.

ಸಾಹುಕಾರರು ಥಟ್ಟನೆ ಗೋಡೆ ಕಡೆ ತಿರುಗಿ ಹೆಗಲ ಟವೆಲಿನಿಂದ ಮುಖ ಮುಚ್ಚಿಕೊಂಡರು. ಹಾಗೆ ಬೆನ್ನು ತಿರುಗಿಸಿಯೇ ಹೇಳಿದರು.

"ತಪ್ಪಾತು..."

ಆಕೆ ಸುಮ್ಮನೆ ರೊಟ್ಟಿ ಬಡಿಯಲು ಶುರುಮಾಡಿದರು.

ನನ್ನ ಕಣ್ಣಲ್ಲಿ ನೀರು ಬಂತು, ಜೊತೆಗೆ ರೇಗಿಯೂ ಹೋಯಿತು. "ಅಯ್ಯೋ ಸಾಹುಕಾರ್ರೆ, ಗೋಡೆಗೆ ಏನ್ ಹೇಳ್ತೀರ್ರಿ... ಈ ಕಡೆ ತಿರುಗಿ ಹೇಳ್ರಿ!"

ತಿರುಗಿದರು. ಅಳುವ ಮುಖವನ್ನು ಹೆಂಡತಿಗೆ ತೋರಿಸಿ ಇನ್ನೊಮ್ಮೆ ಹೇಳಿದರು.

ಈ ಸಲ ಸರ್ವಮಂಗಳಮ್ಮನ ಕೈ ನಿಂತಿತು...

ಉತ್ತರ ಬರಲಿಲ್ಲವೆಂದು ಒಬ್ಬರನ್ನು ಮನಸ್ಸಿನಿಂದ ಹೊರಗೆ ಹಾಕುವ ಮೊದಲು, ಒಮ್ಮೆ ಅವರ ಎದುರು ಹೋಗಿ ನಿಲ್ಲಿ.

ನಿಮ್ಮ ಮನೆಯಲ್ಲಿ ನೀವು ಬೆನ್ನು ತಿರುಗಿಸಿ ಮಾತಾಡುತ್ತಿರುವುದು ಯಾರ ಜೊತೆ?