ಗಾಳಿಯಾಡದ ಡಬ್ಬ

ಚೆಂಡುಹೂವಿನ ಹಾರ ಎರಡು ಸಲ ಜಾರಿ ಬಿತ್ತು. ಮೂರನೇ ಸಲಕ್ಕೆ ವೇದಾವತಿ ಸುತ್ತಿಗೆ ತಂದು, ಗಂಡನ ಹೊಸ ಜೋಡಿ ಸ್ಪೀಕರಿನಲ್ಲಿ ಎಡಗಡೆ ಡಬ್ಬದ ನೆತ್ತಿಗೇ ಮೊಳೆ ಹೊಡೆದರು. ಮೊದಲನೇ ಮೊಳೆ ಸೊಟ್ಟಗಾಯಿತು. ಅದನ್ನು ಕಿತ್ತು, ಪಕ್ಕದಲ್ಲಿ ಇನ್ನೊಂದು ಹೊಡೆದು ಹಾರ ಸಿಕ್ಕಿಸಿದರು. ಕಿತ್ತ ಜಾಗದಲ್ಲಿ ಉಳಿದ ತೂತು ಯಾಕೆ ದಂಡ ಆಗಬೇಕು? ಅಲ್ಲೊಂದು ಊದುಬತ್ತಿ ಚುಚ್ಚಿದರು. ಆಯುಧಪೂಜೆ ದಿನ ಟ್ರ್ಯಾಕ್ಟರಿಗೂ ಮಿಕ್ಸಿಗೂ ಊದುಬತ್ತಿ ಹಚ್ಚುವವರು ಇದೊಂದನ್ನು ಬಿಟ್ಟಾರೆಯೇ? ಊದುಬತ್ತಿ ಸಿಕ್ಕಿಸಲು ಇಟ್ಟಿದ್ದ ಬಾಳೆಹಣ್ಣೂ ಉಳಿಯಿತು.

ಸ್ನಾನ ಮುಗಿಸಿ ಬಂದ ನರಸಿಂಹರಾಜು ಮೇಷ್ಟ್ರಿಗೆ ಕಂಡಿದ್ದು ಹೂವು ಮಾತ್ರ. ಇವರು ರಿಟೈರಾದ ಹೆಡ್‌ಮಾಸ್ಟರು. ಇಡೀ ಹುಲಿಕುಂಟೆಗೆ ಕಿವಿ ಅಂತ ಇರುವುದು ತಮಗೊಬ್ಬರಿಗೇ ಎಂದು ತಿಳಿದವರು. ಅವತ್ತು ಆ ಕಿವಿಗೊಂದು ದೊಡ್ಡ ಕೆಲಸವಿತ್ತು. ಸಮುದಾಯ ಭವನದ ಮೈಕ್‌ಸೆಟ್ ಕೆಲಸವನ್ನು ತಿಪ್ಪೇಶನಿಂದ ಕಿತ್ತು, ಈ ಡಬ್ಬಗಳನ್ನು ಮಾರಿದ ತುಮಕೂರಿನವರಿಗೆ ಕೊಡಿಸಬೇಕಿತ್ತು. ಭವನದ ಅಧ್ಯಕ್ಷ ರೇಣುಕಯ್ಯ ಆಗಲೇ ಬಂದು ಸೋಫಾದಲ್ಲಿ ಕೂತು ಕಡ್ಲೆಪುರಿ ಮುಕ್ಕುತ್ತಿದ್ದರು. ಭವನದ ಸೌಂಡ್ ರೂಮಿನ ಬೀಗದ ಕೈ ಟೀಪಾಯಿ ಮೇಲಿತ್ತು. ಹದಿನೈದು ವರ್ಷ ಅದನ್ನು ಉಡಿದಾರಕ್ಕೆ ಕಟ್ಟಿಕೊಂಡು ಓಡಾಡಿದ್ದ ತಿಪ್ಪೇಶ ಅವತ್ತು ಬೆಳಿಗ್ಗೆ ಮೇಷ್ಟ್ರು ಹೇಳಿಕಳಿಸಿದ್ದಕ್ಕೆ ಬಿಚ್ಚಿ ತಂದಿಟ್ಟಿದ್ದ. ಅವನ ಮನೆಯ ಒಲೆ ಉರಿಯುತ್ತಿದ್ದುದೇ ಅದರಿಂದ. ಬಾಗಿಲ ಹತ್ತಿರದ ಸ್ಟೂಲಿನಲ್ಲಿ ಕೂತು ಅವನು ಅದನ್ನೇ ನೋಡುತ್ತಿದ್ದ.

ಮೇಷ್ಟ್ರು ಪಾಠ ಶುರುಮಾಡಿದರು. ಇದು ಅರವತ್ತು ಎಪ್ಪತ್ತು ವರ್ಷದ ಹಿಂದಿನ ವಿದ್ಯೆಯಂತೆ, ಈಗಿನವರು ಮತ್ತೆ ಹೊಸದಾಗಿ ಮಾಡಿದ್ದಾರಂತೆ. ಡಬ್ಬಕ್ಕೆ ಸೂಜಿಮೊನೆಯಷ್ಟೂ ಸಂದಿಲ್ಲವಂತೆ. ಒಳಗೆ ಸಿಕ್ಕಿಬಿದ್ದ ಗಾಳಿಯೇ ಸ್ಪ್ರಿಂಗಿನ ಹಾಗೆ ಸ್ಪೀಕರನ್ನು ಹಿಂದಕ್ಕೂ ಮುಂದಕ್ಕೂ ಹಿಡಿದು ಆಡಿಸುತ್ತದಂತೆ. ಆಮೇಲೆ ತಿಪ್ಪೇಶನ ಕಡೆ ತಿರುಗಿ, ಅವನ ಡಬ್ಬಗಳಿಗೆಲ್ಲ ಹೆಗ್ಗಣದ ಬಿಲದಂಥ ತೂತು ಯಾಕೆ, ಅವು ಈದ ಎಮ್ಮೆ ಹಾಗೆ ಅರಚುವುದು ಯಾಕೆ ಎಂದು ಕೇಳಿದರು. ತಿಪ್ಪೇಶ ತಲೆ ತಗ್ಗಿಸಿದ. ಹೀಗೆ ಮನೆಗೆ ಕರೆದು ಮಾನ ಕಳೆಯುವುದು ಮೇಷ್ಟ್ರಿಗೆ ಸರ್ವೀಸಿನಲ್ಲೇ ರೂಢಿಯಾಗಿತ್ತು.

ಡೊಳ್ಳಿನ ರೆಕಾರ್ಡಿಂಗ್ ಹಾಕಿ ಮೇಷ್ಟ್ರು ಕಣ್ಣು ಮುಚ್ಚಿದರು. ಬಡಿತದ ಒಂದು ಗತ್ತು ಮುಗಿಯುವಷ್ಟರಲ್ಲಿ ತಿಪ್ಪೇಶ ತಲೆ ಎತ್ತಿದ.

"ಎಡಗಡೆ ಡಬ್ಬ ಗಾಳಿ ಬುಡ್ತೈತೆ ಮೇಷ್ಟ್ರೆ. ಚುಸ್ ಅಂತೈತೆ."

"ಕತ್ತೆಗೇನಯ್ಯ ಗೊತ್ತು ಕಸ್ತೂರಿ ಪರಿಮಳ," ಎಂದರು ಮೇಷ್ಟ್ರು, ಕಣ್ಣು ಬಿಡದೆ. "ಜಾತ್ರೆ ಮೈಕಿನ ಕಿವಿ ನಿಂದು. ಸುಮ್ಕೆ ಕೂತ್ಕೊಂಡು ಕಲಿ."

ಹದಿನೈದು ವರ್ಷದಲ್ಲಿ ಕೇಳದ ಮಾತೇನಲ್ಲ. ಆದರೂ ತಿಪ್ಪೇಶನಿಗೆ ಅವತ್ತು ಮೈ ಉರಿಯಿತು. ಎದ್ದು ಹೋಗಿ ಎಡಗಡೆ ಡಬ್ಬದ ಮೇಲಿನ ಹಾರವನ್ನು ಎರಡು ಬೆರಳಿನಿಂದ ಸರಿಸಿದ. ಊದುಬತ್ತಿಯ ಬುಡದಿಂದ ಡೊಳ್ಳಿನ ಪೆಟ್ಟುಪೆಟ್ಟಿಗೂ ಗಾಳಿ ಚಿಮ್ಮುತ್ತಿತ್ತು. ಉದುರಿದ ಬೂದಿ ಪುಸ್ ಪುಸ್ ಎಂದು ಹಾರುತ್ತಿತ್ತು, ಹೊಗೆ ತಾಳ ತಪ್ಪದೆ ಬೆಚ್ಚುತ್ತಿತ್ತು. ರೇಣುಕಯ್ಯನವರ ಕೈಯಲ್ಲಿದ್ದ ಕಡ್ಲೆಪುರಿ ಬಾಯಿಗೆ ಹೋಗದೆ ನಿಂತಿತು. ಅಡುಗೆಮನೆ ಬಾಗಿಲಲ್ಲಿ ವೇದಾವತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಮೇಷ್ಟ್ರು ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದರು.

"ನೋಡಿದ್ರಾ ರೇಣುಕಯ್ಯ? ಒಂದೆಳೆ ಗಾಳಿ ಹೊರಗೆ ಬರಲ್ಲ."

ರೇಣುಕಯ್ಯ ಬೀಗದ ಕೈಯನ್ನು ಸದ್ದಾಗದಂತೆ ಎತ್ತಿ ತಿಪ್ಪೇಶನ ಅಂಗೈಗೆ ಹಾಕಿದರು.

"ನೋಡ್ತಾನೇ ಇವ್ನಿ ಮೇಷ್ಟ್ರೆ. ನೀವು ಕಣ್ಣು ಬುಡ್ಬೇಡಿ."