ಫಿರಂಗಿಯ ಮೂತಿ

ಹರಿದ ಹಗ್ಗದ ತುದಿಯನ್ನು ಮುಂಗೈಗೆ ಸುತ್ತಿಕೊಂಡು ಗುಡ್ಡ ಹತ್ತಿ ಬಂದ ಓಲೀನ, ಜರ್ಮನ್ ಕಾವಲುಗಾರ ಅಡ್ಡ ಹಿಡಿದ ಬಂದೂಕನ್ನು ಬಾಗಿಲ ಪರದೆ ಸರಿಸುವಂತೆ ಪಕ್ಕಕ್ಕೆ ಸರಿಸಿದಳು.

"ಮಾತು ನಿನ್ನ ಹತ್ರ ಅಲ್ಲ ಕಣಯ್ಯ. ನಿಮ್ಮ ಯಜಮಾನನ್ನ ಕರಿ."

ಅವನಿಗೆ ನಾರ್ವೆಯ ಮಾತು ಬಾರದಿದ್ದರೂ ದನಿ ಅರ್ಥವಾಯಿತು. ಕ್ಯಾಪ್ಟನ್ ರೀಮಾನ್ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಬಂದ. ಎರಡೂ ಭಾಷೆ ಬಲ್ಲ ಸೀವರ್ಟ್ ಮೇಷ್ಟ್ರನ್ನು ಶಾಲೆಯಿಂದ ಎಳೆದು ತಂದರು.

"ಈ ಹೆಂಗಸಿಗೆ ಏನು ಬೇಕಂತೆ?"

"ಫಿರಂಗಿನ ಯಾರು ತಿರುಗಿಸಿದ್ದು ಅಂತ ಕೇಳ್ತಿದ್ದಾಳೆ, ಸ್ವಾಮಿ."

ಕ್ಯಾಪ್ಟನ್ ಬೆಚ್ಚಿದ. "ಇವಳಿಗೆ ಹೇಗೆ ಗೊತ್ತಾಯ್ತು? ಅದು ಸೇನೆಯ ಗುಟ್ಟು!"

"ಗುಟ್ಟಂತೆ!" ಓಲೀನ ನಕ್ಕಳು. "ಹಡಗಿನ ಕಂಬದಷ್ಟು ಉದ್ದದ ಗುಟ್ಟು! ನಡುಸಮುದ್ರಕ್ಕೂ ಕಾಣ್ಸುತ್ತೆ ಅಂತ ಹೇಳಿ ಮೇಷ್ಟ್ರೆ."

ಆ ಕೊಲ್ಲಿಯವರು ಮೀನಿನ ಜಾಗವನ್ನು ನೀರಿನಲ್ಲಿ ಹುಡುಕುವವರಲ್ಲ, ದಡದಲ್ಲಿ ಹುಡುಕುವವರು. ಒಂದು ಕಡೆ ದ್ವೀಪದ ಮೂಗಿನಂಥ ಚಾಚು ಅದರ ಹಿಂದಿನ ಬೆಟ್ಟದ ಬುಡಕ್ಕೆ ತಾಗಿದಂತೆ ಕಾಣಬೇಕು. ಇನ್ನೊಂದು ಕಡೆ, ದಡದಲ್ಲಿ ಓಲೀನ ದೋಣಿ ಇಡುತ್ತಿದ್ದ ಕೆಂಪು ದೋಣಿಮನೆ ಊರ ಹಿಂದಿನ ಬೆಟ್ಟದ ಸೀಳಿನ ನೇರ ಕೆಳಗೆ ಬರಬೇಕು. ದೋಣಿಯಲ್ಲಿ ಕೂತವರಿಗೆ ಎರಡೂ ಒಟ್ಟಿಗೆ ಕಂಡ ಕಡೆ ಗಾಳ ಬಿಟ್ಟರೆ ಕಾಡ್ ಮೀನು, ಚೂರು ಆಚೀಚೆಯಾದರೆ ಹಗ್ಗ ಕತ್ತರಿಸುವ ಬಂಡೆ. ಜರ್ಮನರು ಬಂದ ಮೇಲೆ ಕ್ಯಾಪ್ಟನ್ ಮಾಡಿಸಿದ ಮೊದಲ ಕೆಲಸ ಆ ದೋಣಿಮನೆ ಸುಡಿಸಿದ್ದು. ಶತ್ರುವಿನ ಹಡಗುಗಳು ಅದನ್ನೇ ಗುರುತು ಮಾಡಿಕೊಂಡು ಗುಂಡು ಹೊಡೆದಾವಂತೆ! ಆಮೇಲೆ ಅದರ ಹಿಂದಿನ ದಿಣ್ಣೆಗೆ ಕಾಂಕ್ರೀಟು ಸುರಿದು, ಯಾವುದೋ ಯುದ್ಧನೌಕೆಗೆಂದು ಮಾಡಿದ್ದ ಈ ದೈತ್ಯ ಫಿರಂಗಿಯನ್ನು ತಂದು ಕೂರಿಸಿದ. ಊರವರು ಕೆಲವು ದಿನ ಬರಿಗೈಲಿ ಬಂದರು. ಕೊನೆಗೊಮ್ಮೆ ತಲೆಯೆತ್ತಿ ನೋಡಿದರೆ, ಫಿರಂಗಿಯ ಮೂತಿ ಸೀಳಿನ ನೇರ ಕೆಳಗೇ ನಿಂತಿದೆ! ದೋಣಿಮನೆಗಿಂತ ಚೆನ್ನಾಗಿ ಕಾಣುತ್ತಿದೆ. ಅಂದಿನಿಂದ ಊರಿಗೆ ಊರೇ ಅದನ್ನು ನೋಡಿ ಗಾಳ ಬಿಡುತ್ತಿತ್ತು.

ಮೇಷ್ಟ್ರು ಇದನ್ನೆಲ್ಲ ಆದಷ್ಟು ಮೃದುವಾಗಿ ಹೇಳಿದರು. ಕ್ಯಾಪ್ಟನ್ನನ ಕಿವಿ ಕೆಂಪಾಯಿತು.

"ನನ್ನ ಫಿರಂಗಿ... ಮೀನು ಹಿಡಿಯೋಕೆ? ಇದು ಇಂಗ್ಲಿಷರ ಹಡಗು ಮುಳುಗಿಸೋ ಫಿರಂಗಿ ಅಂತ ಹೇಳಿ ಅವಳಿಗೆ!"

"ಎಷ್ಟು ಮುಳುಗಿಸ್ತಂತೆ?" ಓಲೀನ ಕೇಳಿದಳು. "ಒಂದೇ ಒಂದು ಸಲ ಪರೀಕ್ಷೆಗೆ ಅಂತ ಹೊಡೆದ್ರಿ. ಊರಿನ ಗಾಜೆಲ್ಲ ಪುಡಿಯಾಯ್ತು, ಆಡುಗಳ ಹಾಲು ಬತ್ತಿಹೋಯ್ತು, ಗುಂಡು ಎಲ್ಲಿ ಬಿತ್ತೋ ದೇವರಿಗೂ ಗೊತ್ತಿಲ್ಲ. ಅವತ್ತಿಂದ ಮನೆಅಳಿಯನ ಹಾಗೆ ದಿನಾ ಮೈಗೆ ಎಣ್ಣೆ ಹಚ್ಚಿಸ್ಕೊಂಡು ಕೂತಿದೆ."

"ಏನಂದಳು?"

"ಫಿರಂಗಿಯನ್ನ ನೀವು ಮನೆಯವರ ಹಾಗೆ ನೋಡ್ಕೋತೀರಿ ಅಂತ," ಅಂದರು ಮೇಷ್ಟ್ರು.

ಓಲೀನ ಹಗ್ಗವನ್ನು ಕ್ಯಾಪ್ಟನ್ನನ ಮುಖದ ಮುಂದೆ ಹಿಡಿದಳು. ಈಗ ಅವಳ ದನಿಯಲ್ಲಿ ನಗು ಇರಲಿಲ್ಲ. "ನಿನ್ನೆ ನೀವು ಮೂತಿ ತಿರುಗಿಸಿದ್ರಿ. ನಾನು ಅದನ್ನೇ ನಂಬಿ ಗಾಳ ಬಿಟ್ಟೆ. ಹಗ್ಗ, ಗಾಳ ಅರ್ಧಕ್ಕರ್ಧ ಬಂಡೆ ಪಾಲಾಯ್ತು. ಉಳಿದದ್ದೂ ಹೋದ್ರೆ ವರ್ಷವಿಡೀ ನನ್ನ ಮಕ್ಕಳ ಬಾಯಿಗೆ ಏನು ಹಾಕ್ಲಿ? ಮೀನಿನ ಕಾಲ ಮುಗಿಯೋವರೆಗೆ ಹಗಲು ಹೊತ್ತು ಇದನ್ನ ಅಲ್ಲಾಡಿಸ್ಬೇಡಿ. ರಾತ್ರಿ ಬೇಕಾದ್ರೆ ತೊಟ್ಟಿಲು ಕಟ್ಟಿ ತೂಗಿ."

"ಇವಳನ್ನ ಜೈಲಿಗೆ ಹಾಕ್ತೀನಿ! ನಾಡಿದ್ದು ಅಡ್ಮಿರಲ್ ಬರ್ತಿದ್ದಾರೆ. ಬೆಳಕು ಚೆನ್ನಾಗಿ ಬಿದ್ದು ಫೋಟೋ ಬರಲಿ ಅಂತ ತಿರುಗಿಸಿದ್ದು. ಹಾಗೇ ಇರುತ್ತೆ!"

ಅಷ್ಟರಲ್ಲಿ ಅಡುಗೆಮನೆಯ ಷೆಡ್ಡಿನಿಂದ ದಪ್ಪ ಅಡುಗೆಯವನು ಬಂದು ಕ್ಯಾಪ್ಟನ್ನನ ಕಿವಿಯಲ್ಲಿ ಏನೋ ಉಸುರಿದ. ಅನುವಾದಿಸು ಎಂದು ಯಾರೂ ಹೇಳದಿದ್ದರೂ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ ಮೇಷ್ಟ್ರು ಅನುವಾದಿಸಿದರು: "ಊರಿನ ಯಾವ ದೋಣಿಗೂ ಮೀನು ಬಿದ್ದಿಲ್ಲವಂತೆ ಓಲೀನಕ್ಕ. ಅಡ್ಮಿರಲ್ ಬರ್ತಿರೋದೇ ಇಲ್ಲಿನ ತಾಜಾ ಕಾಡ್ ಮೀನು ತಿನ್ನೋಕಂತೆ. ಈಗ ಇರೋದು ಟರ್ನಿಪ್ ಗಡ್ಡೆ ಮಾತ್ರ ಅಂತೆ."

ಕ್ಯಾಪ್ಟನ್ ಸಮುದ್ರವನ್ನು ನೋಡಿದ, ಫಿರಂಗಿಯನ್ನು ನೋಡಿದ. ಆಮೇಲೆ ಎದೆಯುಬ್ಬಿಸಿ, ಯಾರ ಮುಖವನ್ನೂ ನೋಡದೆ, ಗಟ್ಟಿಯಾಗಿ ಅಪ್ಪಣೆ ಕೊಟ್ಟ: "ಸಮರತಂತ್ರದ ಅತ್ಯಂತ ಗುಪ್ತ ಕಾರಣಗಳಿಂದಾಗಿ ಫಿರಂಗಿಯನ್ನು ಮೊದಲಿದ್ದ ದಿಕ್ಕಿಗೇ ತಿರುಗಿಸಿ. ಹಗಲು ಹೊತ್ತು ಯಾರೂ ಮುಟ್ಟಕೂಡದು!"

ಅಡ್ಮಿರಲ್ ಬಂದ. ತಟ್ಟೆ ತುಂಬ ಕಾಡ್ ಮೀನು, ಅದರ ಈಲಿ ಎಲ್ಲ ಮುಗಿಸಿ, ಬೆಲ್ಟು ಸಡಿಲಿಸಿಕೊಂಡು ಫಿರಂಗಿಯ ಪಕ್ಕದಲ್ಲಿ ಫೋಟೋಕ್ಕೆ ನಿಂತ. ಕೆಳಗೆ ನೀರಿನಲ್ಲಿ ಊರಿನ ದೋಣಿಗಳೆಲ್ಲ, ಓಲೀನಳದೂ ಸೇರಿ, ಒಂದೇ ಕಡೆ ಗುಂಪಾಗಿ ನಿಂತು ಹಗ್ಗ ಎಳೆಯುತ್ತಿದ್ದವು.

"ಅಷ್ಟು ದೊಡ್ಡ ಸಮುದ್ರ ಬಿಟ್ಟು ಈ ಜನ ಇಲ್ಲೇ ಯಾಕೆ ಒತ್ತೊತ್ತಾಗಿ ಸೇರಿದ್ದಾರೆ?" ಎಂದು ಕೇಳಿದ.

"ನಮ್ಮ ಫಿರಂಗಿಯ ಮೇಲೆ ಅವರಿಗೆ ಅಷ್ಟು ನಂಬಿಕೆ, ಮಹಾಸ್ವಾಮಿ," ಎಂದ ಕ್ಯಾಪ್ಟನ್.

ಅಡ್ಮಿರಲ್ ಮೆಚ್ಚಿ ತಲೆದೂಗಿದ. ನಂತರ ಕೈಗವಸು ತೆಗೆದು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದ್ದ ಮುಳ್ಳನ್ನು ಕೀಳತೊಡಗಿದ.